ಸಹಾಯ ಬೇಕು: ಗೀಸರ್ ಹಾಕಿಸಿದ್ಮೇಲೆ ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ರ ನಮ್ಮದು ಹಳೇ ಮನೆ. ಇಷ್ಟು ವರ್ಷ ಬಚ್ಚಲೊಲೆ, ತಾಮ್ರದ ಹಂಡೆ. ಅಮ್ಮನಿಗೆ ಹೊಗೆ ಆಗಲ್ಲ ಅಂತ ಕಳೆದ ವಾರ 25 ಲೀಟರ್ ಗೀಸರ್ ತಂದೆ. 2000 ವ್ಯಾಟ್, ಅಂದ್ರೆ 230 ವೋಲ್ಟಿಗೆ ಹತ್ತತ್ರ 9 ಆಂಪ್ಸ್. ಬಂದ ಹುಡುಗ ಅದನ್ನ ಲೈಟಿನ ಲೈನಿಗೆ, 6 ಆಂಪ್ಸ್ ಸಾಕೆಟ್ಟಿಗೆ ಸಿಕ್ಕಿಸಿ ಹೋಗಿದಾನೆ. ಹತ್ತು ನಿಮಿಷಕ್ಕೆ ಪ್ಲಗ್ ಬಿಸಿ. ಒದ್ದೆ ಕೈಲಿ ನಲ್ಲಿ ಮುಟ್ಟಿದ್ರೆ ಜುಮ್. ಮೇನ್ ಆಫ್ ಮಾಡಿ ಪ್ಲಗ್ ಕಿತ್ತಿಟ್ಟಿದೀನಿ, ಸದ್ಯ ಮತ್ತೆ ಹಂಡೆಯೇ ಗತಿ.

ಬಿಚ್ಚಿ ನೋಡಿದ್ರೆ ಸಾಕೆಟ್ಟಿನ ಅರ್ಥ್ ಪಿನ್ನಿಗೆ (ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ಪಿನ್ನು) ವೈರೇ ಇಲ್ಲ! ಫೋನ್ ಮಾಡಿದ್ರೆ "ನ್ಯೂಟ್ರಲ್‌ನೇ ಅರ್ಥಿಗೆ ಲೂಪ್ ಕೊಡ್ತೀನಿ ಬಿಡಿ" ಅಂದ. ಬೇಡವೇ ಬೇಡ ಅಂದೆ. ನ್ಯೂಟ್ರಲ್, ಅಂದ್ರೆ ಕರೆಂಟು ವಾಪಸ್ ಹೋಗೋ ವೈರ್, ಎಲ್ಲಾದ್ರೂ ಕಡಿದ್ರೆ ಗೀಸರಿನ ಮೈಗೇ ಕರೆಂಟು ಬರುತ್ತಲ್ಲ.

ಈಗ ಬೋರ್ಡಿಂದ ನೇರ ಬೇರೆ ಲೈನ್ ಎಳೆಸಬೇಕು, 18 ಮೀಟರ್ ಆಗುತ್ತೆ. ತಾಮ್ರದ ವೈರ್ 2.5 ಸ್ಕ್ವೇರ್ ಎಂಎಂ ಸಾಕಾ, 4 ಹಾಕಿಸ್ಲಾ? 16 ಆಂಪ್ಸ್ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಬೀಳೋ ಸ್ವಿಚ್), ಬಚ್ಚಲ ಹೊರಗೆ ಡಬಲ್ ಪೋಲ್ ಸ್ವಿಚ್ (ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯೋದು), 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟು ಸೋರಿದ್ರೆ ಲೈನ್ ಕಡಿಯೋದು) ಅಂದ್ಕೊಂಡಿದೀನಿ. ಬಿಟ್ಟಿದ್ದು ಇದ್ರೆ ಹೇಳಿ.

ದೊಡ್ಡ ತಲೆನೋವು ಅರ್ಥಿಂಗ್. ಅದಕ್ಕೆ ನೆಲದಲ್ಲಿ ತೇವ ಬೇಕು, ನಮ್ಮದು ಜಂಬಿಟ್ಟಿಗೆ ನೆಲ, ಮಾರ್ಚ್ ಬಂದ್ರೆ ಒಣಗಿ ಕಲ್ಲು. ಬಚ್ಚಲ ನೀರು ಹೋಗೋ ಬಾಳೆಬುಡದ ಹತ್ರ ಅರ್ಥ್ ಗುಂಡಿ ತೆಗೆಸಿದ್ರೆ ತೇವ ಇರುತ್ತೆ, ಆದ್ರೆ ಅಲ್ಲಿ ದನ ಓಡಾಡ್ತವೆ, ಅವಕ್ಕೆ ಶಾಕ್ ಹೊಡೆದ್ರೆ ಅಂತ ಭಯ. ಇಂಥ ಜಾಗದಲ್ಲಿ ಮಾಡಿಸಿದವರು ಯಾರಾದ್ರೂ ಇದೀರಾ? ಅರ್ಥ್ ರೆಸಿಸ್ಟೆನ್ಸ್ ಅಳೆದು ತೋರಿಸೋ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಸಾಗರದ ಕಡೆ ಗೊತ್ತಿದ್ರೆ ಮೆಸೇಜ್ ಮಾಡಿ.