30 ನಿಮಿಷದ ಟೈಮರ್ 30 ಸೆಕೆಂಡಿಗೇ ನಿಲ್ಲುತ್ತದೆ (ತೋಟದ ಪಂಪು, ಆರ್ಡುಯಿನೋ ಊನೋ)

ಪೆರ್ಲದ ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಪೆರ್ಲದ ಹತ್ತಿರ ಅಡಿಕೆ ತೋಟ. ನೀರು ಸುರಂಗದ್ದು. ಗುಡ್ಡದ ಒಳಗಿಂದ ಬಂದು ಟ್ಯಾಂಕಿನಲ್ಲಿ ತುಂಬುತ್ತದೆ, ಅಲ್ಲಿಂದ ಪಂಪು ಹಾಕಿ ಸ್ಪ್ರಿಂಕ್ಲರಿಗೆ ಬಿಡುವುದು. ತೋಟ ಎರಡು ಭಾಗ, ಮೇಲಿನದ್ದು ಮತ್ತು ಕೆಳಗಿನದ್ದು. ಒಂದೊಂದಕ್ಕೆ ಅರ್ಧ ಗಂಟೆ ನೀರು. ಇಷ್ಟು ವರ್ಷ ಅಪ್ಪನೇ ಹೋಗಿ ವಾಲ್ವ್ ತಿರುಗಿಸುತ್ತಿದ್ದರು. ಈಗ ಅವರಿಗೆ ಮೊಣಕಾಲು ನೋವು, ತೋಟ ಇಳಿದು ಹತ್ತುವುದು ಕಷ್ಟ. ಹಾಗಾಗಿ ಊನೋ (ಪ್ರೋಗ್ರಾಮ್ ಹಾಕಿ ಓಡಿಸುವ ಸಣ್ಣ ಬೋರ್ಡು), ಅದು ಹೇಳಿದಾಗ ಕರೆಂಟು ಕೊಡುವ ರಿಲೇ ಬೋರ್ಡು, ಕರೆಂಟಿನಿಂದ ತೆರೆದು ಮುಚ್ಚುವ ಎರಡು ಸೊಲೆನಾಯ್ಡ್ ವಾಲ್ವ್ ತಂದು ಜೋಡಿಸಿದೆ.

ಬಟನ್ ಒತ್ತಿದರೆ ಪಂಪು ಶುರುವಾಗಿ ಮೇಲಿನ ವಾಲ್ವ್ 30 ನಿಮಿಷ, ಆಮೇಲೆ ಕೆಳಗಿನದ್ದು 30 ನಿಮಿಷ ತೆರೆದಿರಬೇಕು. ಆದರೆ 30 ಸೆಕೆಂಡಿಗೇ ಮುಚ್ಚುತ್ತದೆ. 20 ಅಂತ ಹಾಕಿ ನೋಡಿದೆ, 20 ಸೆಕೆಂಡು. ಎಲ್ಲೋ ನಿಮಿಷದ ಬದಲು ಸೆಕೆಂಡಿನ ಲೆಕ್ಕ ಆಗುತ್ತಿದೆ ಅಂದುಕೊಂಡು ಇನ್ನೊಂದು ಸಲ 60ರಿಂದ ಗುಣಿಸಿದೆ.

ಅದೇ ದಿನ ಸಂಜೆ ಬಟನ್ ಒತ್ತಿ ಬಂದು ಮಲಗಿದೆ. ಬೆಳಗ್ಗೆ ನೋಡಿದರೆ ಮೇಲಿನ ವಾಲ್ವ್ ಇನ್ನೂ ತೆರೆದೇ ಉಂಟು, ಟ್ಯಾಂಕ್ ಪೂರ್ತಿ ಖಾಲಿ, ಪಂಪು ನೀರಿಲ್ಲದೆ ಓಡುತ್ತಿದೆ. ನಿಲ್ಲಿಸುವ ಬಟನ್ ಒತ್ತಿದರೂ ಕೇಳಲಿಲ್ಲ. ಕೊನೆಗೆ ಮೈನ್ ಸ್ವಿಚ್ ಆಫ್ ಮಾಡಿದೆ. ಸುರಂಗದಲ್ಲಿ ಈಗ ಬರುವುದು ನೂಲಿನಷ್ಟು ನೀರು. ಟ್ಯಾಂಕ್ ತುಂಬಲು ಎರಡು ದಿನ ಬೇಕು. ಅಪ್ಪ ಏನೂ ಹೇಳಲಿಲ್ಲ, ಆದರೆ ಮುಖ ನೋಡಿ ಬೇಜಾರಾಯ್ತು.

ಕೋಡಿನ ಮುಖ್ಯ ಸಾಲು ಇಷ್ಟೇ (ಡಿಲೇ ಅಂದರೆ ಅಷ್ಟು ಮಿಲಿಸೆಕೆಂಡು ಕಾಯುವುದು). ಮೊಬೈಲಿನಿಂದ ಬರೆಯುವ ಕಾರಣ ಕನ್ನಡ ಅಕ್ಷರದಲ್ಲೇ ಹಾಕಿದ್ದೇನೆ:

ಅನ್‌ಸೈನ್ಡ್ ಲಾಂಗ್ ಹೊತ್ತು = 30 * 60 * 1000;
ಡಿಲೇ(ಹೊತ್ತು);

ತಪ್ಪು ಎಲ್ಲಿ?

ಬದಿಯಡ್ಕ 12

ಇದೇ ಸಾಲು ನನ್ನ ಇಎಸ್‌ಪಿ32 ಬೋರ್ಡಿನಲ್ಲಿ ಸರಿಯಾಗಿ 30 ನಿಮಿಷ ಕಾಯುತ್ತದೆ. ಈಗಷ್ಟೇ ಹಾಕಿ ನೋಡಿದೆ. ನಿಮ್ಮ ಬೋರ್ಡೇ ಹಾಳಾಗಿರಬಹುದಾ?

ಚಂದ್ರಗಿರಿ ದಡ

ಬೋರ್ಡು ಸರಿ ಉಂಟು, ಹೊಸತು ತರಬೇಡಿ. ಒಂದು ಕೆಲಸ ಮಾಡಿ ಅಣ್ಣಾ. ಆ "ಹೊತ್ತು" ಎಷ್ಟಿದೆ ಅಂತ ಸೀರಿಯಲ್ ಮಾನಿಟರಿನಲ್ಲಿ (ಬೋರ್ಡು ಕಳಿಸಿದ್ದನ್ನು ಕಂಪ್ಯೂಟರಿನಲ್ಲಿ ತೋರಿಸುವ ಕಿಟಕಿ) ಪ್ರಿಂಟ್ ಮಾಡಿ ಇಲ್ಲಿ ಹಾಕಿ. ಮೊದಲಿನ ಕೋಡಿನದ್ದು, 60ರಿಂದ ಇನ್ನೊಮ್ಮೆ ಗುಣಿಸಿದ್ದು, ಎರಡೂ ಬೇಕು. ವಾಲ್ವ್, ಪಂಪು ಯಾವುದನ್ನೂ ಜೋಡಿಸಬೇಡಿ, ಬರೀ ಯುಎಸ್‌ಬಿ ಸಾಕು.

ಪೆರ್ಲದ ತೋಟ

ಮೊದಲಿನದ್ದು 30528. ಎರಡನೆಯದ್ದು 4294963968. ಮೊದಲಿನದ್ದು 1800000 ಬರಬೇಕಿತ್ತು ಅಲ್ವಾ? ಇದು ಎಲ್ಲಿಂದ ಬಂತು?

ಚಂದ್ರಗಿರಿ ದಡ

ಈಗ ಗೊತ್ತಾಯ್ತು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಊನೋದಲ್ಲಿ ಸಾದಾ ಪೂರ್ಣಾಂಕ, ಅಂದರೆ ಇಂಟ್, 16 ಬಿಟ್ ಮಾತ್ರ. ಅದರಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 32767. ನೀವು ಎಡಗಡೆ ಅನ್‌ಸೈನ್ಡ್ ಲಾಂಗ್ ಎಂಬ 32 ಬಿಟ್‌ನ ದೊಡ್ಡ ಪಾತ್ರೆ ಇಟ್ಟಿದ್ದೀರಿ, ಅದು ಸರಿ. ಆದರೆ ಬಲಗಡೆಯ 30, 60, 1000 ಮೂರೂ ಸಣ್ಣ ಸಂಖ್ಯೆಗಳು. ಹಾಗಾಗಿ ಗುಣಾಕಾರ ಇಂಟ್ ಒಳಗೇ ನಡೆಯುತ್ತದೆ. ಉತ್ತರ 1800000 ಅಲ್ಲಿ ಹಿಡಿಸುವುದಿಲ್ಲ. 65536ರ ಎಷ್ಟು ಪಾಲು ಹೋಗುತ್ತದೋ ಅಷ್ಟೂ ಹೊರಗೆ ಚೆಲ್ಲಿ ಹೋಗಿ, ಉಳಿದದ್ದು 30528. ಚೆಲ್ಲಿದ ಮೇಲೆ ದೊಡ್ಡ ಪಾತ್ರೆಗೆ ಸುರಿದರೆ ಏನು ಪ್ರಯೋಜನ?

30528 ಮಿಲಿಸೆಕೆಂಡು ಅಂದರೆ 30 ಸೆಕೆಂಡು ಚಿಲ್ಲರೆ. 20 ನಿಮಿಷಕ್ಕೆ ಲೆಕ್ಕ ಹಾಕಿದರೆ 20352 ಬರುತ್ತದೆ, ಅದೂ 20 ಸೆಕೆಂಡು. ಇದು ಬರೀ ಕಾಕತಾಳೀಯ. ಆದರೆ ಯಾರು ನೋಡಿದರೂ ನಿಮಿಷ ಸೆಕೆಂಡಾಗಿದೆ ಅಂತಲೇ ಅಂದುಕೊಳ್ಳುತ್ತಾರೆ. ನಿಮ್ಮ ತಪ್ಪಲ್ಲ ಅದು. 45 ಹಾಕಿ ನೋಡಿದ್ದರೆ 13 ಸೆಕೆಂಡು ಬರುತ್ತಿತ್ತು, ಆಗ ಸಂಶಯ ಬರುತ್ತಿತ್ತು.

60ರಿಂದ ಇನ್ನೊಮ್ಮೆ ಗುಣಿಸಿದಾಗ ಉಳಿದದ್ದು ಮೈನಸ್ 3328. ಅದನ್ನು ಮೈನಸ್ ಇಲ್ಲದ ದೊಡ್ಡ ಪಾತ್ರೆಗೆ ಹಾಕಿದರೆ 4294963968 ಆಗುತ್ತದೆ. ಅಷ್ಟು ಮಿಲಿಸೆಕೆಂಡು ಅಂದರೆ 49 ದಿನಕ್ಕಿಂತ ಜಾಸ್ತಿ. ನಿಮ್ಮ ವಾಲ್ವ್ ಆ ರಾತ್ರಿ ಕೆಟ್ಟಿರಲಿಲ್ಲ. 49 ದಿನ ತೆರೆದಿರು ಅಂತ ಹೇಳಿದ್ದನ್ನೇ ಮಾಡುತ್ತಿತ್ತು.

ಪರಿಹಾರ ಸಣ್ಣದು. ಮೊದಲ ಸಂಖ್ಯೆಗೆ ಯು, ಎಲ್ ಎಂಬ ಎರಡು ಅಕ್ಷರ ಅಂಟಿಸಿ: 30ಯುಎಲ್ * 60 * 1000. ಆಗ ಗುಣಾಕಾರ ಶುರುವಿನಿಂದಲೇ 32 ಬಿಟ್‌ನಲ್ಲಿ ನಡೆಯುತ್ತದೆ. ಇಎಸ್‌ಪಿ32ರಲ್ಲಿ ಇಂಟ್ ಅಂದರೇನೇ 32 ಬಿಟ್. ಬದಿಯಡ್ಕದವರಿಗೆ ಸರಿ ಬಂದದ್ದು ಅದಕ್ಕೇ.

ಇನ್ನೊಂದು: ಕೋಡು ಬರೆದು ಬೋರ್ಡಿಗೆ ಹಾಕುವ ಆರ್ಡುಯಿನೋ ಐಡಿಇಯಲ್ಲಿ ಕಂಪೈಲರ್ ಎಚ್ಚರಿಕೆಗಳು ಮೊದಲಿನಿಂದಲೇ ಬಂದ್ ಇರುತ್ತವೆ. ಪ್ರಿಫರೆನ್ಸಸ್‌ಗೆ ಹೋಗಿ ಎಲ್ಲವನ್ನೂ ಆನ್ ಮಾಡಿ. ಇಂಥ ಸಾಲಿಗೆ ಅದೇ ಎಚ್ಚರಿಸುತ್ತದೆ. ಕೆಂಪು ಅಕ್ಷರ ನೋಡಿ ಹೆದರಬೇಡಿ, ಓದಿ.

ಪೆರ್ಲದ ತೋಟ

ಸರಿಯಾಯ್ತು ಮಾರಾಯ್ರೆ! ಗಡಿಯಾರ ಹಿಡಿದು ನೋಡಿದೆ, ಸರಿಯಾಗಿ ಅರ್ಧ ಗಂಟೆ. ತುಂಬಾ ಉಪಕಾರ. ಆದರೆ ನಿಲ್ಲಿಸುವ ಬಟನ್ ಈಗಲೂ ಕೇಳುವುದಿಲ್ಲ. ದಿನಾ ಬೆಳಗ್ಗೆ 6ಕ್ಕೆ ತಾನೇ ಶುರುವಾಗಬೇಕು ಅಂತಲೂ ಆಸೆ. ಕೊನೆಗೆ 24 ಗಂಟೆಯ ಡಿಲೇ ಹಾಕಿದರೆ ಸಾಕಾ?

ಚಂದ್ರಗಿರಿ ದಡ

ಡಿಲೇಯನ್ನೇ ಬಿಡಿ. ಡಿಲೇ ನಡೆಯುವಾಗ ಪ್ರೋಗ್ರಾಮ್ ಅಲ್ಲೇ ಕೂತಿರುತ್ತದೆ. ಬಟನ್ ನೋಡುವುದಿಲ್ಲ, ಟ್ಯಾಂಕ್ ನೋಡುವುದಿಲ್ಲ.

ಮನೆಯಲ್ಲಿ ಕುಚ್ಚಲಕ್ಕಿ ಅನ್ನಕ್ಕಿಟ್ಟ ಅಮ್ಮ ಒಲೆ ಎದುರು ನಿಂತೇ ಇರುತ್ತಾರಾ? ಇಟ್ಟ ಹೊತ್ತು ನೆನಪಿರುತ್ತದೆ. ತೆಂಗಿನಕಾಯಿ ತುರಿಯುತ್ತಾರೆ, ದನಕ್ಕೆ ಹುಲ್ಲು ಹಾಕುತ್ತಾರೆ, ನಡುವೆ ಗಡಿಯಾರ ನೋಡುತ್ತಾರೆ. ಪ್ರೋಗ್ರಾಮೂ ಹಾಗೇ ಇರಬೇಕು. ವಾಲ್ವ್ ತೆರೆದಾಗ ಮಿಲ್ಲಿಸ್ (ಬೋರ್ಡು ಶುರುವಾಗಿ ಎಷ್ಟು ಮಿಲಿಸೆಕೆಂಡು ಆಯ್ತು ಎಂಬ ಲೆಕ್ಕ) ಎಷ್ಟಿತ್ತು ಅಂತ "ಶುರು" ಎಂಬ ಅನ್‌ಸೈನ್ಡ್ ಲಾಂಗ್‌ನಲ್ಲಿ ಬರೆದಿಡಿ. ಲೂಪ್ ಒಂದೊಂದು ಸುತ್ತು ಬರುವಾಗಲೂ ಕೇಳಿ: ಮಿಲ್ಲಿಸ್() - ಶುರು >= ಹೊತ್ತು? ಹೌದಾದರೆ ವಾಲ್ವ್ ಮುಚ್ಚಿ. ಇಲ್ಲದಿದ್ದರೆ ಬಟನ್ ನೋಡಿ, ಟ್ಯಾಂಕಿನ ನೀರಿನ ಮಟ್ಟ ಹೇಳುವ ಫ್ಲೋಟ್ ಸ್ವಿಚ್ ನೋಡಿ, ಮತ್ತೆ ಮೇಲಿನಿಂದ ಬನ್ನಿ.

ಕುಂಬಳೆ ಕಡಲು

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಮಿಲ್ಲಿಸ್ 49.7 ದಿನಕ್ಕೆ ತುಂಬಿ ಸೊನ್ನೆಗೆ ಬರುತ್ತದೆ. ನಾನು ಅದಕ್ಕೆ ತಿಂಗಳಿಗೊಮ್ಮೆ ಬೋರ್ಡು ರಿಸೆಟ್ ಮಾಡುತ್ತೇನೆ.

ಚಂದ್ರಗಿರಿ ದಡ

ಅದರ ಅಗತ್ಯ ಇಲ್ಲ, ಕಳೆಯುವ ಲೆಕ್ಕ ಬರೆದಿದ್ದರೆ. ಶುರು 4294967290 ಇತ್ತು ಅಂತ ಇಟ್ಟುಕೊಳ್ಳಿ. ಸೊನ್ನೆ ದಾಟಿ ಈಗ 10 ಆಗಿದೆ. 10ರಿಂದ ಅಷ್ಟು ದೊಡ್ಡದನ್ನು ಕಳೆದರೆ ಮೈನಸ್ ಬರಬೇಕು, ಆದರೆ ಅನ್‌ಸೈನ್ಡ್ ಲೆಕ್ಕದಲ್ಲಿ ಸುತ್ತು ಬಂದು 16 ಸಿಗುತ್ತದೆ. ನಿಜವಾಗಿ ಕಳೆದ ಹೊತ್ತೂ 16 ಮಿಲಿಸೆಕೆಂಡೇ. ಶುರು + ಹೊತ್ತು ಅಂತ ಮೊದಲೇ ಕೂಡಿಸಿಟ್ಟು ಹೋಲಿಸಿದರೆ ಮಾತ್ರ ಎಡವಟ್ಟು ಆಗುವುದು. ನಿಮ್ಮ ಕೋಡಿನಲ್ಲಿ ಯಾವ ಥರ ಉಂಟು ಅಂತ ಒಮ್ಮೆ ನೋಡಿ.

ದಿನಾ 6 ಗಂಟೆಯ ವಿಷಯ. ಅದಕ್ಕೆ ಮಿಲ್ಲಿಸ್ ನಂಬಬೇಡಿ. ಊನೋದ ಗಡಿಯಾರಕ್ಕಿರುವುದು ಸೆರಾಮಿಕ್ ರೆಸೊನೇಟರ್. ಅದು ನೂರಕ್ಕೆ ಅರ್ಧದಷ್ಟು ತಪ್ಪಿದರೂ ದಿನಕ್ಕೆ 7 ನಿಮಿಷ ಆಚೀಚೆ. ಅದೂ ಅಲ್ಲದೆ ಕರೆಂಟು ಹೋದರೆ ಮಿಲ್ಲಿಸ್ ಸೊನ್ನೆಯಿಂದ ಶುರು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಬಂದರೆ ಕರೆಂಟು ಹೋಗದ ದಿನ ಉಂಟಾ? ಡಿಎಸ್3231 ಎಂಬ ಗಡಿಯಾರದ ಮಾಡ್ಯೂಲ್ ಹಾಕಿ. ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದಷ್ಟು ತಪ್ಪುತ್ತದೆ, ಕರೆಂಟು ಹೋದರೂ ಬ್ಯಾಟರಿಯಲ್ಲಿ ಓಡುತ್ತದೆ. ಆದರೆ ಕೆಲವು ಮಾಡ್ಯೂಲ್‌ಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಡಯೋಡ್ ಇರುತ್ತದೆ. ಸಿಆರ್2032 ಚಾರ್ಜ್ ಮಾಡಬಾರದ ಬ್ಯಾಟರಿ. ಅದನ್ನು ಹಾಕುವುದಾದರೆ ಆ ಡಯೋಡ್ ತೆಗೆಯಲೇಬೇಕು.

"ಗಂಟೆ 6, ನಿಮಿಷ 0 ಆದರೆ ಶುರು ಮಾಡು" ಅಂತ ಬರೆಯಬೇಡಿ. ಆ ಒಂದು ನಿಮಿಷದಲ್ಲಿ ಲೂಪ್ ಸಾವಿರಾರು ಸಲ ಸುತ್ತುತ್ತದೆ, ಸುತ್ತಿದಷ್ಟು ಸಲವೂ ಶುರು ಮಾಡಲು ನೋಡುತ್ತದೆ. ಸರಿಯಾಗಿ 6ಕ್ಕೆ ಕರೆಂಟು ಇಲ್ಲದಿದ್ದರೆ ಅವತ್ತು ನೀರೇ ಇಲ್ಲ. ಹೀಗೆ ಕೇಳಿ: 6 ದಾಟಿದೆಯಾ, 9 ಆಗಿಲ್ವಾ, ಇವತ್ತಿನ ತಾರೀಕಿಗೆ ಇನ್ನೂ ನೀರು ಬಿಟ್ಟಿಲ್ವಾ? ಮೂರೂ ಹೌದಾದರೆ ಶುರು. ನೀರು ಬಿಟ್ಟ ತಾರೀಕನ್ನು ಬೋರ್ಡಿನ ಮೆಮೊರಿಯಾದ ಈಪ್ರಾಮ್‌ನಲ್ಲಿ ಬರೆದಿಡಿ, ಕರೆಂಟು ಹೋದರೂ ಅಳಿಯುವುದಿಲ್ಲ. ದಿನಕ್ಕೊಂದೆರಡು ಸಲ ಮಾತ್ರ ಬರೆಯಿರಿ. ಒಂದು ಜಾಗದಲ್ಲಿ 1 ಲಕ್ಷ ಸಲ ಬರೆಯಬಹುದು ಅಂತ ಲೆಕ್ಕ. ಸೆಕೆಂಡಿಗೊಮ್ಮೆ ಬರೆದರೆ 28 ಗಂಟೆಯಲ್ಲಿ ಮುಗಿಯುತ್ತದೆ.

ಕೊನೆಯ ಮಾತು, ಇದು ಮಾತ್ರ ತಪ್ಪಿಸಬೇಡಿ. ಟ್ಯಾಂಕಿನ ಫ್ಲೋಟ್ ಸ್ವಿಚ್ಚನ್ನು ಬೋರ್ಡಿಗೆ ಕೊಟ್ಟರೆ ಸಾಲದು. ಪಂಪಿಗೆ ಕರೆಂಟು ಕೊಡುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರಿನ ಕಾಯಿಲ್‌ಗೆ ಸೀರೀಸ್‌ನಲ್ಲೂ ಒಂದು ಹಾಕಿಸಿ, ಎಲೆಕ್ಟ್ರಿಷಿಯನ್ ಕೈಯಿಂದ. ಕೋಡು ಎಷ್ಟೇ ತಪ್ಪಿದರೂ ಟ್ಯಾಂಕ್ ಖಾಲಿಯಾದರೆ ಪಂಪು ನಿಲ್ಲಬೇಕು.

ಪೆರ್ಲದ ತೋಟ

ಒಂದು ಪ್ರಶ್ನೆ. ತಾರೀಕನ್ನು ನೀರು ಶುರುವಾಗುವಾಗ ಬರೆಯುವುದಾ, ಮುಗಿದ ಮೇಲಾ?

ಚಂದ್ರಗಿರಿ ದಡ

ಒಳ್ಳೆ ಪ್ರಶ್ನೆ. ಮುಗಿದ ಮೇಲೆ ಬರೆದರೆ, 20 ನಿಮಿಷ ಬಿಟ್ಟಾಗ ಕರೆಂಟು ಹೋಗಿ ಬಂತು ಅಂತಿಟ್ಟುಕೊಳ್ಳಿ, ಮತ್ತೆ ಪೂರ್ತಿ 30 ನಿಮಿಷ ಬಿಡುತ್ತದೆ. ಶುರುವಿನಲ್ಲೇ ಬರೆದರೆ ಉಳಿದ 10 ನಿಮಿಷ ತಪ್ಪುತ್ತದೆ. ನಿಮ್ಮದು ಸುರಂಗದ ನೀರು. ನಾನಾದರೆ ಶುರುವಿನಲ್ಲೇ ಬರೆಯುತ್ತೇನೆ, ಎರಡು ಭಾಗಕ್ಕೂ ಬೇರೆ ಬೇರೆ. ಒಂದು ದಿನ 10 ನಿಮಿಷ ಕಮ್ಮಿಯಾದರೆ ಅಡಿಕೆ ಮರ ಸುಧಾರಿಸಿಕೊಳ್ಳುತ್ತದೆ, ಟ್ಯಾಂಕ್ ಬರಿದಾದರೆ ಎರಡು ದಿನ ನೀರಿಲ್ಲ.

ಕುಂಬಳೆ ಕಡಲು

ನೋಡಿದೆ. ನನ್ನದರಲ್ಲಿ ಕೂಡಿಸಿದ ಲೆಕ್ಕವೇ ಇತ್ತು. ಬದಲಾಯಿಸಿದೆ, ಇನ್ನು ರಿಸೆಟ್ ಮಾಡುವುದಿಲ್ಲ.

ಪೆರ್ಲದ ತೋಟ

ಹನ್ನೆರಡು ದಿನ ಆಯ್ತು. ಡಯೋಡ್ ತೆಗೆದೆ, ಫ್ಲೋಟ್ ಸ್ವಿಚ್ ಸೀರೀಸ್‌ನಲ್ಲಿ ಹಾಕಿಸಿದೆ, ತಾರೀಕು ಶುರುವಿನಲ್ಲೇ ಬರೆಯುತ್ತದೆ. ಇವತ್ತು 6ಕ್ಕೆ ಕರೆಂಟು ಇರಲಿಲ್ಲ. 6:20ಕ್ಕೆ ಬಂತು, ಸ್ವಲ್ಪ ಹೊತ್ತಿಗೆ ಸ್ಪ್ರಿಂಕ್ಲರ್ ತಿರುಗುವ ಶಬ್ದ. ಅಪ್ಪ ಜಗಲಿಯಲ್ಲಿ ಚಾ ಕುಡಿಯುತ್ತಿದ್ದರು. 6:50 ಆಗುವಾಗ ಶಬ್ದ ಬದಲಾದದ್ದನ್ನು ಕೇಳಿ "ಕೆಳಗಿನದ್ದು ಶುರುವಾಯ್ತು" ಅಂದರು.