ಅಪ್‌ಡೇಟ್: ಪಾಂಡಿಚೇರಿಯಲ್ಲಿ ಮನೆ ಸಿಕ್ಕಿತು

ಹೆಂಡತಿಗೆ ಚಿತ್ರ ಬರೆಯಲು ಪಾಂಡಿಚೇರಿಯಲ್ಲಿ ಬಾಡಿಗೆ ಮನೆ ಹಿಡಿಯಬಹುದಾ ಅಂತ ಹೋದ ತಿಂಗಳು ಕೇಳಿದ್ದೆ. ಕಡಲ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತೆ, ಮೊದಲು ಅದನ್ನು ನೋಡಿ ಅಂತ ನೀವು ಅಂದಿದ್ದಿರಿ. ಆ ಮಾತೇ ನಮ್ಮನ್ನು ಉಳಿಸಿತು. ಹಳೆಯ ಫ್ರೆಂಚ್ ಬಡಾವಣೆ ವೈಟ್ ಟೌನ್‌ನಲ್ಲಿ ಹಳದಿ ಗೋಡೆಯ ಮನೆಯೊಂದು ತುಂಬಾ ಹಿಡಿಸಿತ್ತು. ಕಿಟಕಿ ಕಂಬಿ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಗೋಡೆಯ ಬುಡದಲ್ಲಿ ಬಿಳಿ ಉಪ್ಪು. ಬಿಟ್ಟೆವು.

ಕೊನೆಗೆ ಅಲ್ಲೇ ಹತ್ತಿರದ ಕುರುಚಿಕುಪ್ಪಂ ಬಡಾವಣೆಯಲ್ಲಿ ಎರಡನೇ ಮಹಡಿ, 11 ತಿಂಗಳ ಅಗ್ರಿಮೆಂಟ್. ಬೆಂಗಳೂರಿನ 10 ತಿಂಗಳ ಅಡ್ವಾನ್ಸ್ ನೋಡಿದ್ದ ನಮಗೆ ಇಲ್ಲಿ 3 ತಿಂಗಳದ್ದೇ ಸಾಕು ಅಂದಾಗ ನಂಬಲಾಗಲಿಲ್ಲ. ಬೀಚ್ ರಸ್ತೆಗೆ ನಡೆದೇ ಹೋಗಬಹುದು. ಸಂಜೆ ಅಲ್ಲಿ ಗಾಡಿ ಬಿಡುವುದಿಲ್ಲ, ಎಷ್ಟು ಖುಷಿ ಗೊತ್ತಾ! ಅಲ್ಲಿ ಅಕ್ಟೋಬರ್‌ನಿಂದ ಮಳೆ ಜಾಸ್ತಿ, ಅದಕ್ಕೇ ಸಾಮಾನು ಸೆಪ್ಟೆಂಬರ್‌ನಲ್ಲೇ ಸಾಗಿಸುತ್ತೇವೆ. ಅಮ್ಮನ ಕಬ್ಬಿಣದ ಬೀರು ಮಾತ್ರ ಜಯನಗರದಲ್ಲಿ ತಂಗಿಯ ಮನೆಯಲ್ಲೇ ಇರಲಿ.