ಲೀಸ್ಟನ್ ಹೊಲದಲ್ಲಿ ಸಿಕ್ಕ ತುಂಡು ಮಸ್ಟಾಂಗ್‌ನದ್ದಾ?

ಪ್ರಶ್ನೆ:
ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಸಫೋಕ್‌ನಲ್ಲಿ. ಲೀಸ್ಟನ್‌ನಲ್ಲಿ 1944-45ರಲ್ಲಿ ಅಮೆರಿಕದ 357ನೇ ಫೈಟರ್ ಗ್ರೂಪ್‌ನ ಪಿ-51 ಮಸ್ಟಾಂಗ್ ಯುದ್ಧವಿಮಾನಗಳಿದ್ದವು. ಅಲ್ಲಿನ ಹೊಲದ ಮಾಲೀಕರು ಉಳುವಾಗ ಸಿಕ್ಕ ಅಲ್ಯೂಮಿನಿಯಂ ತುಂಡೊಂದನ್ನು ಕೊಟ್ಟರು. ಅದರ ಮೇಲಿನ ಬಿಡಿಭಾಗದ ನಂಬರ್ '73-' ಅಂತ ಶುರುವಾಗುತ್ತದೆ. 73 ಅಂದರೆ ಮಸ್ಟಾಂಗ್‌ನ ಮೊದಲ ಮಾದರಿ ಅಲ್ವಾ? ಅದು ಇಲ್ಲಿಗೆ ಹೇಗೆ ಬಂತು?

ಉತ್ತರ 1:
ಮಸ್ಟಾಂಗ್‌ನದ್ದೇ ಇರಬೇಕು, ಖುಷಿ ಪಡಿ! ಎನ್ಎ-73 ಅನ್ನೋದು ಮಸ್ಟಾಂಗ್ ತಯಾರಿಸಿದ ನಾರ್ತ್ ಅಮೆರಿಕನ್ (ಎನ್ಎ) ಕಂಪನಿಯ ಮೊದಲ ಮಸ್ಟಾಂಗ್ ವಿನ್ಯಾಸದ ನಂಬರ್. ಮುಂದೆ ಬದಲಾಗದೆ ಉಳಿದ ಭಾಗಗಳಿಗೆ ಅದೇ ಹಳೇ ನಂಬರ್ ಮುಂದುವರಿಯಿತು, ಹಾಗಾಗಿ ನಂತರದ ಪಿ-51ಬಿ, ಪಿ-51ಡಿ ಮಾದರಿಗಳಲ್ಲೂ 73 ಸಿಗುತ್ತದೆ. ನಂಬರಿನ ಶುರುವಲ್ಲಿ 102 ಇದ್ದರೆ ಆ ಭಾಗದ ವಿನ್ಯಾಸ ಬಿ ಮಾದರಿಯ ಕಾಲದ್ದು, 109 ಇದ್ದರೆ ಡಿ ಕಾಲದ್ದು. ಬರೀ 73 ನೋಡಿ ಯಾವ ಮಾದರಿ ಅಂತ ಹೇಳಲು ಆಗಲ್ಲ.

ಉತ್ತರ 2:
ದಯವಿಟ್ಟು ವೈರ್ ಬ್ರಷ್ ಹಾಕಬೇಡಿ, ಮಸಿಯ ಮುದ್ರೆ ಅಳಿಸಿಹೋಗುತ್ತೆ. ನೀರು, ಮೆತ್ತನೆ ಬ್ರಷ್ ಸಾಕು. ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೋ ತೆಗೆದು ಹಾಕಿ.

ಉತ್ತರ 3:
ಇನ್ನೊಂದು ಮಾತು. ಕತ್ತಲಲ್ಲಿ ಹೊಳೆಯುವ ಅಂಕಿಗಳ ವಿಮಾನದ ಮೀಟರ್ ಡಯಲ್ ಸಿಕ್ಕರೆ ಬಿಚ್ಚಲೇಬೇಡಿ, ಅದರಲ್ಲಿ ವಿಕಿರಣ ಸೂಸುವ ರೇಡಿಯಂ ಇರಬಹುದು. ಜೊತೆಗೆ, ಅದು ವಿಮಾನ ಬಿದ್ದ ಜಾಗವಾಗಿದ್ದರೆ ಸೇನಾ ಅವಶೇಷಗಳನ್ನು ಕಾಪಾಡುವ 1986ರ ಬ್ರಿಟಿಷ್ ಕಾಯ್ದೆ ಪ್ರಕಾರ ಅಲ್ಲಿನ ರಕ್ಷಣಾ ಇಲಾಖೆಯ ಲೈಸೆನ್ಸ್ ಇಲ್ಲದೆ ಅಗೆಯುವಂತಿಲ್ಲ, ಮಾಲೀಕರು ಒಪ್ಪಿದರೂ ಅಷ್ಟೇ.